ಕಂದೀಲಿನ ಹುಡುಗಿ ಮತ್ತು ತಪ್ಪಿನ ವಹಿ

ಹೋದ ತಿಂಗಳು ನಮ್ಮ ಆಫೀಸಿನ ಕೆಟ್ಟ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಟೆಂಪೋದಲ್ಲಿ ಹೇರಿಕೊಂಡು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿಗೆ ಒಯ್ದು, ಒಂದೊಂದಕ್ಕೂ ಸಹಿ ಮಾಡಿಸಿಕೊಂಡು ಬರಬೇಕಿತ್ತು. ಹಿಂದೆ ಡುಬ್ಬ ಇರುವ ಹಳೆಯ ಮಾನಿಟರೊಂದನ್ನು ಶೆಡ್ಡಿನವನು ಜೀವ ಇದೆಯೋ ಇಲ್ಲವೋ ನೋಡೋಣ ಎಂದು ಚಾಲೂ ಮಾಡಿದ. ಎರಡು ನಿಮಿಷಕ್ಕೆ ಅದರ ಬೆನ್ನಿನಿಂದ ಕಾದ ಧೂಳಿನ ವಾಸನೆ ಎದ್ದಿತು. ನಾನು ಕಾಗದ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಯಾಕ್ರೀ ಮೇಡಂ, ವಾಸನಿ ಆಗಿ ಬರೂದಿಲ್ಲೇನು? ಹೊರಗ ನಿಲ್ರಿ," ಎಂದ ಅವನು.

ಆಗಿ ಬರದ ವಾಸನೆಯಲ್ಲ ಅದು. ಧಾರವಾಡದ ಸಪ್ತಾಪುರದಲ್ಲಿ, ಒಂದು ಮಳೆಗಾಲ ಪೂರ್ತಿ, ಸಂಜೆ ಐದೂವರೆಗೆ ನಮ್ಮ ಕೋಣೆಯನ್ನು ತುಂಬುತ್ತಿದ್ದ ವಾಸನೆ. ಒಬ್ಬಳ ಕೊನೆಯ ಆಸೆಯನ್ನು ನಾನೇ ಕೈಯಾರೆ ಹಾಳು ಮಾಡಿದ ಮಳೆಗಾಲ ಅದು. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡೇ ಮಾಡಿದೆ. ಅದೇ ಇನ್ನೂ ಹೊಟ್ಟೆ ಉರಿಸುತ್ತದೆ.

ಆ ಕೋಣೆಗೆ ನಾನು ಹೋದದ್ದು ಜೂನಿನಲ್ಲಿ ಮಿರಗದ ಮಳೆ ಶುರುವಾದ ವಾರ. ಆಗ ಇಪ್ಪತ್ನಾಲ್ಕು ವಯಸ್ಸು. ಡಿಗ್ರಿ ಮುಗಿಸಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಬಂದಿದ್ದೆ. ಸಪ್ತಾಪುರದಲ್ಲಿ ಬೇರೆ ಯಾವ ಕಾರಣಕ್ಕೂ ಯಾರೂ ರೂಮು ಹಿಡಿಯುವುದಿಲ್ಲ. ಕೋಚಿಂಗ್ ಕ್ಲಾಸು, ಝೆರಾಕ್ಸ್ ಅಂಗಡಿ, ರೀಡಿಂಗ್ ರೂಮು, ಮತ್ತೆ ಕೋಚಿಂಗ್ ಕ್ಲಾಸು. ಚಹಾದ ಗಾಡಿಯ ಮುಂದೆ ನಿಂತವರ ಬಾಯಲ್ಲೂ ಸಂವಿಧಾನದ ಕಲಮುಗಳೇ.

ಕೋಣೆಯಲ್ಲಿ ಮೊದಲೇ ಇದ್ದವಳು ಸುವರ್ಣಕ್ಕ. ಉಪ್ಪಿನಬೆಟಗೇರಿಯವಳು. ಮೂವತ್ತೇಳು ಮುಗಿಯುತ್ತ ಬಂದಿತ್ತು. ಹನ್ನೊಂದು ವರ್ಷದಿಂದ ಅದೇ ಕೋಣೆಯಲ್ಲಿ, ಅದೇ ಕಿಟಕಿಯ ಕೆಳಗೆ ಕೂತು ಓದುತ್ತಿದ್ದಳು. ಜೊತೆಗಿದ್ದವರು ಪಾಸಾಗಿಯೋ, ಬೇಸತ್ತೋ, ಮದುವೆಯಾಗಿಯೋ ಹೋಗಿದ್ದರು. ನಾನು ಆರನೆಯವಳು. ಸೆಪ್ಟೆಂಬರಿನಲ್ಲಿ ನಡೆಯುವ ಪರೀಕ್ಷೆಯೇ ಅವಳಿಗೆ ಕೊನೆಯದು. ಅದು ದಾಟಿದರೆ ವಯಸ್ಸಿನ ಮಿತಿ ಮುಗಿದು ಅರ್ಜಿ ಹಾಕಲೂ ಬರುತ್ತಿರಲಿಲ್ಲ. ಇದನ್ನು ಅವಳು ನನಗೆ ಮೊದಲ ದಿನವೇ, ನಳದ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ದಿನಾ ಬೆಳಿಗ್ಗೆ ಅವಳ ಊರಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಅವಳ ಅಣ್ಣನ ಹೆಂಡತಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪಲ್ಯ, ಶೇಂಗಾ ಹಿಂಡಿ ಜೊತೆ ಗಂಟು ಕಟ್ಟಿ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾವು ಒಂದೇ ಕೊಡೆಯಡಿ ಸ್ಟಾಪಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದೆವು. ನಾನು ಬಂದ ಮೂರನೆಯ ದಿನದಿಂದ ಗಂಟು ದಪ್ಪವಾಯಿತು, ಇಬ್ಬರಿಗಾಗುವಷ್ಟು. ಹನ್ನೊಂದು ವರ್ಷ ಒಂದು ದಿನವೂ ಕೊಂಕು ಮಾತಾಡದೆ ಬುತ್ತಿ ಕಟ್ಟುವ ವೈನಿಯ ಮುಂದೆ ಸುವರ್ಣಕ್ಕನಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. "ಬೈದಿದ್ರ ಛಲೋ ಇತ್ತವಾ. ಆಕಿ ಬೈಯೂದಿಲ್ಲ, ರೊಟ್ಟಿ ಕಳಸ್ತಾಳ," ಅನ್ನುತ್ತಿದ್ದಳು.

ಅವಳ ಹತ್ತಿರ ಒಂದು ದಪ್ಪ ವಹಿ ಇತ್ತು. ತಪ್ಪಿನ ವಹಿ ಎಂದು ಅವಳೇ ಹೆಸರಿಟ್ಟಿದ್ದಳು. ಕೋಚಿಂಗಿನವರು ಎಲ್ಲರಿಗೂ ಹೇಳುತ್ತಾರೆ: ಪ್ರತಿ ಟೆಸ್ಟಿನಲ್ಲಿ ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ಬರೆದಿಡಿ. ನಾವೆಲ್ಲ ನಾಲ್ಕು ದಿನ ಬರೆದು ಬಿಡುತ್ತೇವೆ. ಸುವರ್ಣಕ್ಕ ಹನ್ನೊಂದು ವರ್ಷ ಬರೆದಿದ್ದಳು. ಒಂದು ದಿನ ನಾನು ತಿರುವಿ ನೋಡಿದೆ. ತಪ್ಪಿದ ನದಿಗಳ ಹೆಸರು, ತಿದ್ದುಪಡಿಗಳ ವರ್ಷ, ಅವೆಲ್ಲ ಇರಬೇಕಾದ್ದೇ. ನಡುವೆ ಒಂದು ಕಡೆ ಹೀಗಿತ್ತು: "ಪರೀಕ್ಷೆ ರದ್ದಾಯಿತು. ನಾನು ಬಹಳ ಆಸೆ ಇಟ್ಟುಕೊಂಡಿದ್ದೆ. ಇಟ್ಟುಕೊಳ್ಳಬಾರದಿತ್ತು." ಇನ್ನೊಂದು ಕಡೆ: "ಬಂದ ಆಯ್ಕೆಯ ಲಿಸ್ಟು ಬದಲಾಯಿತು. ಹೆಸರು ಹೋಯಿತು. ಇನ್ನೂ ನಾಲ್ಕು ಅಂಕ ತೆಗೆದಿದ್ದರೆ ಯಾವ ಲಿಸ್ಟಿನಲ್ಲೂ ಇರುತ್ತಿದ್ದೆ." ಯಾರೋ ಮಾಡಿದ ಗೋಲ್‌ಮಾಲನ್ನೂ ಈ ಹೆಂಗಸು ತನ್ನ ತಪ್ಪೆಂದು ಬರೆದುಕೊಂಡಿದ್ದಳು. ನನಗೆ ನಗು ಬಂದಿತ್ತು. ಆಗ ನನಗೆ ಎಲ್ಲದಕ್ಕೂ ನಗು ಬರುತ್ತಿತ್ತು.

ಮೇಲಿನ ನಮ್ಮ ಕೋಣೆಗೆ ಹಳೆಯ ಕಂಪ್ಯೂಟರು ಬಂದದ್ದು ಜೂನ್ ಕೊನೆಗೆ. ಮನೆಯ ಮಾಲಕಿ ವತ್ಸಲಾ ಕಾಕು ಕೆಳಗಿನ ಮನೆಯಲ್ಲಿದ್ದರು. ತೀರಿಕೊಂಡ ಯಜಮಾನರು ಬಳಸುತ್ತಿದ್ದ ಯಂತ್ರ ಅದು. "ಟೈಪಿಂಗ್ ಕಲೀಲಿಕ್ಕೆ ಬರ್ತದ, ತಗೋರಿ. ಇಟ್ಟು ಕೆಡಸೂದಕ್ಕಿಂತ ಬಳಸಿ ಕೆಡಸ್ರಿ," ಎಂದರು. ಟೈಪಿಂಗ್ ನಾವಿಬ್ಬರೂ ಕಲಿಯಲಿಲ್ಲ. ಅದರೊಳಗೆ ಒಂದು ಆಟ ಇತ್ತು. ಕಾಕು ಅವರ ಅಳಿಯ ಯಾವಾಗಲೋ ಕಳ್ಳ ಸಿ.ಡಿ. ತಂದು ಹಾಕಿದ್ದಂತೆ.

ಆಟದ ಹೆಸರು ನಮಗೆ ಬಹಳ ದಿನ ಗೊತ್ತಾಗಲಿಲ್ಲ. ಹೆಸರು ಬರುವ ಕಡೆ ಅಕ್ಷರಗಳ ಬದಲು ಬಿಳಿ ಚೌಕಗಳು ಬರುತ್ತಿದ್ದವು. ಸೂರ್ಯ ಹುಟ್ಟುವುದು ನಿಂತುಹೋದ ಒಂದು ರಾಜ್ಯ. ಕೈಯಲ್ಲಿ ಕಂದೀಲು ಹಿಡಿದ ಒಬ್ಬಳು ಹುಡುಗಿ. ಅವಳು ಏಳು ಕೋಟೆ ದಾಟಿ, ಏಳು ಕೀಲಿಕೈ ತಂದು, ಗುಡ್ಡದ ಮೇಲಿನ ಕಲ್ಲಿನ ಬಾಗಿಲು ತೆಗೆಯಬೇಕು. ತೆಗೆದರೆ ಬೆಳಕಾಗುತ್ತದೆ. ಮಾತೆಲ್ಲ ಹರಕುಮುರುಕು ಇಂಗ್ಲಿಷಿನಲ್ಲಿ ಕೆಳಗೆ ಬರುತ್ತಿತ್ತು.

ಅಷ್ಟು ಕೆಟ್ಟ ಆಟವನ್ನು ನಾನು ನೋಡಿಲ್ಲ. ಸಂತೆಯಲ್ಲಿ ಒಂದು ಕಲ್ಲಿನ ಮೇಲೆ ಕಾಲಿಟ್ಟರೆ ಹುಡುಗಿ ನೆಲದೊಳಗೆ ಇಳಿದು, ನೀಲಿ ಬಯಲಿನಲ್ಲಿ ಬೀಳುತ್ತಲೇ ಇರುತ್ತಿದ್ದಳು. ಕಂಪ್ಯೂಟರ್ ಬಂದ್ ಮಾಡುವವರೆಗೂ ಬೀಳುತ್ತಿದ್ದಳು. ಕತ್ತೆಯೊಂದು ನೆಲದಿಂದ ಗೇಣು ಮೇಲೆ ನಡೆಯುತ್ತಿತ್ತು. ಮಳೆ ಮನೆಯೊಳಗೆ ಬೀಳುತ್ತಿತ್ತು, ಅಂಗಳ ಒಣಗಿರುತ್ತಿತ್ತು. "ನಮ್ಮ ರೂಮಿನ್ಹಂಗ ಐತಿ," ಎಂದು ಸುವರ್ಣಕ್ಕ ನಕ್ಕಿದ್ದಳು. ನಮ್ಮ ಛಾವಣಿಯೂ ಸೋರುತ್ತಿತ್ತು. ಮೂರನೆಯ ಕೋಟೆಯ ಸೇತುವೆಯ ಮೇಲೆ ನೆಟ್ಟಗೆ ನಡೆದರೆ ಆಟವೇ ನಿಂತುಬಿಡುತ್ತಿತ್ತು, ಹಿಂದುಹಿಂದಕ್ಕೆ ನಡೆದರೆ ದಾಟಬಹುದಿತ್ತು. ಹೊಳೆಯ ಹತ್ತಿರ ಸೇವ್ ಮಾಡಿದರೆ ವಾರದ ಆಟವೆಲ್ಲ ಹಾಳಾಗುತ್ತಿತ್ತು.

ಆದರೂ ಅದರಲ್ಲಿ ಏನೋ ಇತ್ತು. ಬೆಳಕಿಲ್ಲದ ಆ ಆಕಾಶಕ್ಕೆ ಯಾರೋ ತಾಸುಗಟ್ಟಲೆ ಕೂತು ಬಣ್ಣ ಹಚ್ಚಿದ್ದರು. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಸೊಂಟದವರೆಗೆ ಗೋಡೆಯೊಳಗೆ ಸಿಕ್ಕಿಕೊಂಡಿದ್ದಳು. ಹತ್ತಿರ ಹೋದರೆ ನಗುತ್ತ, ದೂರದಿಂದ ಬಂದಿದ್ದೀಯ, ಕುಳಿತುಕೋ ಮಗಳೇ ಅನ್ನುತ್ತಿದ್ದಳು. ಕೂರಲು ಅಲ್ಲಿ ಏನೂ ಇರಲಿಲ್ಲ. ಸುವರ್ಣಕ್ಕ ದಿನಾ ಆಟ ಹಚ್ಚಿದ ಕೂಡಲೇ ಮೊದಲು ಆ ಮುದುಕಿಯ ಮುಂದೆ ಹೋಗಿ ಒಂದು ನಿಮಿಷ ನಿಂತು ಬರುತ್ತಿದ್ದಳು. ಅದರಿಂದ ಆಟದಲ್ಲಿ ಯಾವ ಲಾಭವೂ ಇರಲಿಲ್ಲ.

"ಮಾಡಿದವರು ಛಲೋ ಮನಸಿಲೆ ಮಾಡ್ಯಾರ ನೋಡು, ಲಲಿತಾ," ಎಂದಳು ಒಂದು ದಿನ. "ಟೈಮ್ ಸಾಲಿಲ್ಲ ಅನಸ್ತೈತಿ. ಪೇಪರ್ ಪೂರಾ ಬರೀಲಾರದ ಬಿಟ್ಟಾರ, ಪಾಪ."

ಐದೂವರೆಯಿಂದ ಆರೂವರೆ ಆಟದ ಹೊತ್ತು ಎಂದು ಟೈಮ್‌ಟೇಬಲಿನಲ್ಲೇ ಬರೆದು ಅಂಟಿಸಿದಳು. ಸಾಮಾನ್ಯ ವಿಜ್ಞಾನ ಮತ್ತು ಪ್ರಚಲಿತ ವಿದ್ಯಮಾನದ ನಡುವೆ. ಆಟಕ್ಕೂ ಅವಳದು ಓದಿನ ಪದ್ಧತಿಯೇ. ತಪ್ಪಿನ ವಹಿಯಲ್ಲಿ ಆಟಕ್ಕೆಂದು ಹೊಸ ಭಾಗ ಶುರುವಾಯಿತು. "ಸೇತುವೆ: ಅವಸರದಿಂದ ನೆಟ್ಟಗೆ ನಡೆದೆ. ಹಿಂದಕ್ಕೆ ನಡೆಯಬೇಕು." "ಸಂತೆ: ಕಾಲ ಕೆಳಗೆ ನೋಡಲಿಲ್ಲ. ನನ್ನ ಅಜಾಗರೂಕತೆ." ಕೆಂಪು ಮಸಿಯಲ್ಲಿ ಅಡಿಗೆರೆ. ಬುತ್ತಿ ತರಲು ಹೋಗುವಾಗ ದಾರಿಯಲ್ಲಿ ನನಗೆ ಪ್ರಶ್ನೆ ಬೇರೆ: ನಾಲ್ಕನೆಯ ಕೋಟೆಯ ಕೀಲಿಕೈ ಯಾರ ಹತ್ತಿರ ಇದೆ? ಅಲ್ಲಿ ಎಷ್ಟು ಸಲ ಸೇವ್ ಮಾಡಬೇಕು? ನಾನು ತಪ್ಪು ಹೇಳಿದರೆ ಕೊಡೆ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಸುಖವಾಗಿದ್ದೆವು ಎಂದರೆ ನಂಬುವುದು ಕಷ್ಟ, ಆದರೆ ಜುಲೈ ತಿಂಗಳು ನಾವು ಸುಖವಾಗಿಯೇ ಇದ್ದೆವು. ಆಟ ಶುರುವಾದ ಮೇಲೆ ಅವಳ ಟೆಸ್ಟಿನ ಅಂಕಗಳೂ ಏರಿದವು. ಪ್ರತಿ ರವಿವಾರದ ಟೆಸ್ಟಿನಲ್ಲಿ ಇಡೀ ಕೋಚಿಂಗಿಗೆ ಮೊದಲಿಗಳೋ ಎರಡನೆಯವಳೋ ಅವಳೇ.

ಆಗಸ್ಟ್ ಮೊದಲ ವಾರ ಏಳೂ ಕೀಲಿಕೈ ಕೂಡಿದವು. ಹುಡುಗಿ ಗುಡ್ಡ ಹತ್ತಿ ಕಲ್ಲಿನ ಬಾಗಿಲಿನ ಮುಂದೆ ನಿಂತಳು. ಒಂದೊಂದೇ ಕೀಲಿಕೈ ಹಾಕಿದಳು. ಏಳೂ ಒಳಗೆ ಹೋದವು. ಬಾಗಿಲು ತೆರೆಯಲಿಲ್ಲ.

ಸುವರ್ಣಕ್ಕ ಒಂದು ವಾರ ಕೀಲಿಕೈಗಳ ಅನುಕ್ರಮ ಬದಲಿಸಿ ಬದಲಿಸಿ ನೋಡಿದಳು, ಪ್ರತಿಯೊಂದನ್ನೂ ವಹಿಯಲ್ಲಿ ಬರೆದುಕೊಂಡು. ಕಡೆಗೆ, "ನಡುವ ಏನೋ ಬಿಟ್ಟೇನಿ. ಮೊದಲಿಂದ ಬರೂಣು," ಎಂದಳು. ಮೊದಲಿನಿಂದ ಆಡಿದಳು. ಹನ್ನೆರಡು ದಿನ ಹಿಡಿಯಿತು. ಬಾಗಿಲು ತೆರೆಯಲಿಲ್ಲ. ಅವಳ ಆಟದ ಹೊತ್ತು ಆರೂವರೆಯಿಂದ ಏಳಕ್ಕೆ, ಏಳರಿಂದ ಎಂಟಕ್ಕೆ ಹಿಗ್ಗಿತು. ಪ್ರಚಲಿತ ವಿದ್ಯಮಾನ ಮೂಲೆಗೆ ಬಿತ್ತು. ಆಟದಲ್ಲೇ ಏನೋ ತಪ್ಪಿರಬೇಕು ಅಕ್ಕಾ ಎಂದು ನಾನು ಒಂದು ಸಲ ಅಂದಾಗ ಸಿಟ್ಟಿಗೇ ಎದ್ದಳು. "ಕತ್ತೆ ಹಾರ್ತೈತಿ, ಅದು ಅವರ ತಪ್ಪು. ಕಡೀ ಬಾಗಲಾ ತೆಗೆಯಾಕ ಬರದಂಗ ಯಾರರ ಆಟ ಮಾಡ್ತಾರೇನು? ತಪ್ಪು ನಂದ ಐತಿ. ಹುಡಕಿದ್ರ ಸಿಗ್ತೈತಿ," ಎಂದಳು. ಮೂರನೆಯ ಸಲ ಮೊದಲಿನಿಂದ ಶುರು ಮಾಡಿದಳು.

ಪರೀಕ್ಷೆಗೆ ಮೂರು ವಾರ ಇದ್ದಾಗ ಇಬ್ಬರ ಹಾಲ್ ಟಿಕೆಟ್ ತೆಗೆಸಲು ನಾನೊಬ್ಬಳೇ ಇಂಟರ್ನೆಟ್ ಸೆಂಟರಿಗೆ ಹೋದೆ. ಪ್ರಿಂಟರ್ ಮುಂದೆ ದೊಡ್ಡ ಸಾಲು ಇತ್ತು. ಕಾಯುತ್ತ ಕೂತವಳು ಸುಮ್ಮನೆ ಆ ಆಟವನ್ನು ಹುಡುಕಿದೆ. ಹೆಸರಿಲ್ಲವಲ್ಲ, ಕಂದೀಲು, ಹುಡುಗಿ, ಏಳು ಕೀಲಿಕೈ ಎಂದೆಲ್ಲ ಬರೆದೆ. ಸಿಕ್ಕಿತು. ಯಾವ್ಯಾವುದೋ ದೇಶದವರು ಅದರ ಬಗ್ಗೆ ಪುಟಗಟ್ಟಲೆ ಬರೆದುಕೊಂಡಿದ್ದರು, ಬೈಯುತ್ತಲೇ ಮುದ್ದು ಮಾಡಿದ್ದರು. ಗೋಡೆಯೊಳಗಿನ ಮುದುಕಿ ಎಲ್ಲರಿಗೂ ಗೊತ್ತಿದ್ದಳು. ಬಾಗಿಲಿನ ವಿಷಯಕ್ಕೆ, ಆಟ ಮಾಡಿದವರಲ್ಲೇ ಒಬ್ಬ ಉತ್ತರ ಬರೆದಿದ್ದ. ಕಂಪನಿ ನಡುವೆಯೇ ಮುಚ್ಚಿತು, ಕೊನೆಯ ಭಾಗ ಮಾಡಲೇ ಇಲ್ಲ, ಮಾರಾಟಕ್ಕೆ ಬಿಡಬೇಕಿತ್ತೆಂದು ಅಲ್ಲೊಂದು ಬಾಗಿಲು ಇಟ್ಟೆವು, ಅದರ ಹಿಂದೆ ಏನೂ ಇಲ್ಲ, ಕ್ಷಮಿಸಿ. ನಾನು ಎರಡು ಸಲ ಓದಿದೆ. ನನಗೆ ಖುಷಿಯೇ ಆಯಿತು. ಇನ್ನು ಸುವರ್ಣಕ್ಕ ಆಟ ಬಿಟ್ಟು ಓದುತ್ತಾಳೆ ಎಂದುಕೊಂಡೆ.

ಕೋಣೆಗೆ ಬಂದಾಗ ಅವಳು ಹುಡುಗಿಯನ್ನು ಸೇತುವೆಯ ಮೇಲೆ ಹಿಂದಕ್ಕೆ ನಡೆಸುತ್ತಿದ್ದಳು. ಓದುವ ಪುಸ್ತಕ ತೆರೆದೂ ಇರಲಿಲ್ಲ. ನನ್ನ ನಾಲಿಗೆ ಮೊದಲೇ ಚೂಪು.

"ಅಕ್ಕಾ, ಸಾಕ್ ಮಾಡು ಇನ್ನ. ಆ ಬಾಗಲದ ಹಿಂದ ಏನೂ ಇಲ್ಲ. ಮಾಡಿದಾವನ ಬರದಾನ, ಓದಿ ಬಂದೇನಿ. ನೀ ನೂರು ಸಲ ಆಡಿದ್ರೂ ಅದು ತೆರಿಯೂದಿಲ್ಲ."

ಅವಳು ತಿರುಗಿ ನೋಡಿದಳು. "ಖರೇ?"

"ಖರೇ."

"ಯಾರಿಗೂ ತೆರದಿಲ್ಲ?"

"ಯಾರಿಗೂ ಇಲ್ಲ."

"ಅಂದ್ರ ನಾ ಏನೂ ಬಿಟ್ಟಿರಲಿಲ್ಲ?"

"ಏನೂ ಬಿಟ್ಟಿರಲಿಲ್ಲಕ್ಕಾ. ನಿಂದೇನೂ ತಪ್ಪಿರಲಿಲ್ಲ."

ಸುವರ್ಣಕ್ಕ ನಕ್ಕಳು. ಆ ನಗುವನ್ನು ನಾನು ಎಷ್ಟು ತಪ್ಪು ತಿಳಿದೆ! ಎಷ್ಟೋ ದಿನದ ಭಾರ ಇಳಿದವಳ ಹಾಗೆ ನಕ್ಕು, ಕಂಪ್ಯೂಟರ್ ಬಂದ್ ಮಾಡಿ, ಕೈಕಾಲು ತೊಳೆದುಕೊಂಡು ಬಂದು ಎರಡು ರೊಟ್ಟಿ ಜಾಸ್ತಿಯೇ ತಿಂದಳು. ನಾನು ಒಳಗೊಳಗೇ ಬೆನ್ನು ಚಪ್ಪರಿಸಿಕೊಂಡೆ.

ಮರುದಿನ ಅವಳು ತಪ್ಪಿನ ವಹಿ ತೆಗೆದು ಕೂತಳು. ಆಟದ ಭಾಗದಲ್ಲಿ ಬರೆದದ್ದನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದಳು. ಸೇತುವೆ, ಸಂತೆ, ಹೊಳೆ, ಬಾಗಿಲು. ನಾನು ಚಾಪೆಯ ಮೇಲೆ ಕೂತು ಇತಿಹಾಸ ಓದುತ್ತಿದ್ದೆ, ಛಲೋ ಆಯಿತು ಎಂದುಕೊಂಡೆ. ಅವಳು ಪೆನ್ನು ಕೆಳಗಿಡಲಿಲ್ಲ. ಹಿಂದಿನ ಪುಟಗಳಿಗೆ ಹೋದಳು. ಹೊರಗೆ ಜಿಟಿಜಿಟಿ ಮಳೆ. ಮಧ್ಯಾಹ್ನದವರೆಗೂ ಆ ಪೆನ್ನಿನ ಸಪ್ಪಳ ಕೇಳುತ್ತಿತ್ತು. ನಾನು ಎದ್ದು ನೋಡುವ ಹೊತ್ತಿಗೆ ಪರೀಕ್ಷೆ ರದ್ದಾದದ್ದು, ಲಿಸ್ಟ್ ಬದಲಾದದ್ದು, ಉತ್ತರವೇ ತಪ್ಪು ಕೊಟ್ಟಿದ್ದ ಪ್ರಶ್ನೆಗಳು, ಮೂರು ವರ್ಷ ಅರ್ಜಿಯನ್ನೇ ಕರೆಯದಿದ್ದದ್ದು, ಎಲ್ಲದರ ಮೇಲೆ ಗೆರೆ ಬಿದ್ದಿತ್ತು. ಉಳಿದದ್ದು ಅಲ್ಲೊಂದು ಇಲ್ಲೊಂದು ಇಸವಿ, ಎರಡು ಮೂರು ನದಿಗಳು.

"ನೋಡು," ಎಂದಳು, ವಹಿ ನನ್ನ ಕಡೆ ತಿರುಗಿಸಿ. "ಇವಿಷ್ಟ ನನ್ನ ತಪ್ಪು. ಇಷ್ಟ ತಪ್ಪಿಗೆ ಹನ್ನೊಂದು ವರ್ಷ ಹೋಗಬಾರದಿತ್ತು, ಅಲ್ಲೇನವಾ?"

ನನಗೆ ಆಗ ಭಯವಾಯಿತು. ಅದೂ ಇದೂ ಒಂದೇ ಅಲ್ಲ ಅಕ್ಕಾ, ಅದು ಆಟ, ಇದು ಪರೀಕ್ಷೆ, ಎಷ್ಟೋ ಮಂದಿ ಪಾಸಾಗುತ್ತಾರಲ್ಲ ಎಂದೆಲ್ಲ ಬಡಬಡಿಸಿದೆ. ಅವಳು ಸಮಾಧಾನದಿಂದ ಕೇಳಿಸಿಕೊಂಡಳು.

"ತಪ್ಪು ನಂದಿದ್ರ ತಿದ್ದಕೋತಿದ್ದೆ ಲಲಿತಾ. ಹನ್ನೊಂದು ವರ್ಷ ಅದನ್ನ ಮಾಡೇನಿ. ನಂದಲ್ಲದ್ದನ್ನ ಹ್ಯಾಂಗ ತಿದ್ದಲಿ, ಹೇಳು."

ತಪ್ಪು ತನ್ನದು ಎಂದು ನಂಬಿದಷ್ಟು ದಿನ ಅವಳಿಗೆ ಮಾಡಲು ಕೆಲಸವಿತ್ತು, ಕಾಯಲು ನಾಳೆ ಇತ್ತು. ಅದನ್ನು ನಾನು ಒಂದು ಮಾತಿನಲ್ಲಿ ಕಸಿದುಕೊಂಡಿದ್ದೆ, ಅದೂ ಸತ್ಯವನ್ನೇ ಹೇಳಿ.

ನಾಲ್ಕು ದಿನ ಅವಳು ಪುಸ್ತಕ ಮುಟ್ಟಲಿಲ್ಲ, ಆಟವನ್ನೂ ಮುಟ್ಟಲಿಲ್ಲ. ಐದನೆಯ ದಿನ ಬುತ್ತಿ ತರಲು ಹೋದಾಗ ಕಂಡಕ್ಟರ್ ಗಂಟು ಕೊಟ್ಟು ಕೈ ಎಳೆದುಕೊಳ್ಳುವ ಮೊದಲೇ, "ನಾಳಿಂದ ಬುತ್ತಿ ಕಳಸಬ್ಯಾಡ ಅಂತ ನಮ್ಮ ವೈನಿಗೆ ಹೇಳ್ರಿ," ಎಂದಳು. ಕಂಡಕ್ಟರಿಗೆ ಹನ್ನೊಂದು ವರ್ಷದ ಗುರುತು. ಮುಖ ಅರಳಿಸಿ, "ನೌಕರಿ ಆತೇನ್ರಿ ಅಕ್ಕಾರ?" ಎಂದು ಕೇಳಿದ. "ಇಲ್ರಿ, ಮುಗೀತು," ಎಂದಳು. ಅವನಿಗೆ ಅರ್ಥವಾಗಲಿಲ್ಲ. ಬಸ್ಸು ಹೊರಟಿತು.

ಕಾಕು ಕೆಳಗಿನಿಂದ ಮೇಲೆ ಹತ್ತಿ ಬಂದರು. ಮೊಣಕಾಲು ನೋವಿನವರು, ಆ ಮೆಟ್ಟಿಲು ಹತ್ತಿದ್ದು ನಾನು ಅದೊಂದೇ ಸಲ ನೋಡಿದ್ದು. "ಸುವರ್ಣಾ, ಇನ್ನೆರಡು ವಾರ ಅದ. ಪರೀಕ್ಷಾ ಬರದು ಹೋಗು. ಬರದ್ರ ಏನು ಕಳಕೋತೀ?" ಎಂದರು.

"ಕಳಕೊಳ್ಳೂದೇನಿಲ್ರಿ ಕಾಕು. ಸಾಕಾಗೇತ್ರಿ," ಎಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಪುಸ್ತಕಗಳನ್ನೆಲ್ಲ ನನಗೆ ಬಿಟ್ಟಳು. ಅಣ್ಣ ಬಂದು ಟ್ರಂಕು ಹೊತ್ತುಕೊಂಡು ಹೋದ. ನಾನು ಅತ್ತೆ, ಕೈ ಹಿಡಿದುಕೊಂಡೆ, ನಂದು ತಪ್ಪಾತು ಅಕ್ಕಾ ಎಂದೆ. "ಏ ಹುಚ್ಚಿ, ನಿಂದೇನು ತಪ್ಪು," ಎಂದಳು. ಸಿಟ್ಟಿನಿಂದ ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಪರೀಕ್ಷೆ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ. ಅರ್ಜಿಯನ್ನು ಒಟ್ಟಿಗೆ ಹಾಕಿದ್ದೆವು, ನಂಬರುಗಳು ಒಂದರ ಹಿಂದೊಂದು ಬಂದಿದ್ದವು. ಅವಳ ಬೆಂಚು ನನ್ನ ಮುಂದೆಯೇ ಇತ್ತು. ಬೆಲ್ ಆದ ಮೇಲೆ ಮೇಲ್ವಿಚಾರಕರು ಖಾಲಿ ಜಾಗದ ಹತ್ತಿರ ನಿಂತು, "ಇವರು ನಿಮ್ಮ ಗುರ್ತಿನವರೇನ್ರಿ? ಬರ್ತಾರೇನು?" ಎಂದು ಕೇಳಿದರು. ಬರ್ತಾರ್ರೀ, ದಾರ್ಯಾಗ ಅದಾರ ಎಂದೆ. ಯಾಕೆ ಹಾಗೆ ಅಂದೆನೋ. ಅವರು ಒಳ್ಳೆಯವರು, ಪ್ರಶ್ನೆಪತ್ರಿಕೆಯನ್ನು ಅರ್ಧ ತಾಸು ಬೆಂಚಿನ ಮೇಲೇ ಇಟ್ಟಿದ್ದರು. ಆಮೇಲೆ ತೆಗೆದುಕೊಂಡು, ಅವಳ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ಗೈರುಹಾಜರು ಎಂದು ಬರೆದರು.

ಚಳಿಗಾಲದಲ್ಲಿ ಲಿಸ್ಟ್ ಬಂತು. ಈ ಸಲ ಏನೂ ರದ್ದಾಗಲಿಲ್ಲ, ಏನೂ ಬದಲಾಗಲಿಲ್ಲ. ನನ್ನ ಹೆಸರು ಇತ್ತು, ಕಡೆಯ ಕಡೆಗೆ. ಇವತ್ತು ಉಣ್ಣುವ ಅನ್ನ ಅದೇ ಲಿಸ್ಟಿನದು. ಆಯ್ಕೆಗೆ ಬೇಕಾದ ಕನಿಷ್ಠ ಅಂಕ, ಕಟ್‌ಆಫ್, ಎಷ್ಟೆಂದು ನೋಡಿದೆ. ಸುವರ್ಣಕ್ಕ ಆ ಮಳೆಗಾಲದಲ್ಲಿ ಬರೆದ ಟೆಸ್ಟುಗಳಲ್ಲಿ ಒಂದರಲ್ಲಿಯೂ, ಜ್ವರ ಬಂದಾಗ ಬರೆದದ್ದರಲ್ಲಿಯೂ, ಅಷ್ಟು ಕಡಿಮೆ ಅಂಕ ತೆಗೆದಿರಲಿಲ್ಲ.

ಎರಡು ದಿನ ಬಿಟ್ಟು ಫೋನು ಮಾಡಿದೆ. ಹಿಂದೆ ಎಮ್ಮೆ ಕೂಗುವುದು, ಯಾರೋ ರೊಟ್ಟಿ ಬಡಿಯುವುದು ಕೇಳುತ್ತಿತ್ತು. ಸುದ್ದಿ ಹೇಳಿದಾಗ ಅವಳು ಖರೇನೇ ಖುಷಿಪಟ್ಟಳು, ವೈನಿಯನ್ನು ಕರೆದು ಹೇಳಿದಳು. ಆಮೇಲೆ ದನಿ ಸಣ್ಣದು ಮಾಡಿ, "ಕಟ್‌ಆಫ್ ಎಷ್ಟಕ್ಕ ನಿಂತೈತಿ?" ಎಂದು ಕೇಳಿದಳು.

ನಾನು ನಲವತ್ತು ಅಂಕ ಹೆಚ್ಚಿಸಿ ಹೇಳಿದೆ. ಸಲೀಸಾಗಿ ಬಂತು ಸುಳ್ಳು.

ಖರೇ ಕಟ್‌ಆಫ್ ಪೇಪರಿನಲ್ಲಿ ಬಂದಿತ್ತು. ಅವಳ ಮನೆಗೆ ಪೇಪರ್ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಕೇಳಿಲ್ಲ.

"ಹಂಗಾರ ನಾ ಬರೆದಿದ್ರೂ ಆಗ್ತಿರಲಿಲ್ಲ ಬಿಡು," ಎಂದಳು ಸುವರ್ಣಕ್ಕ.

"ಹೂಂ ಅಕ್ಕಾ," ಎಂದೆ. "ಆಗ್ತಿರಲಿಲ್ಲ."